ಕೂಸಿನ ಕೋಣೆ

ಯೂನಿಯನ್ ಸಿಟಿ
೧೪ ಅಕ್ಟೋಬರ್ ೨೦೨೫

ಪ್ರೀತಿಯ ಹಂಸಾ,

ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಮಲೇರಿಯಾ ಇಳಿದು, ಮತ್ತೆ ಶಾಲೆಯ ಮಕ್ಕಳನ್ನು ಗದರಿಸುವಷ್ಟು ಶಕ್ತಿ ಬಂದಿದೆ ಎಂದುಕೊಂಡಿದ್ದೇನೆ. ಉತ್ತರ ಬರೆಯಲು ತಿಂಗಳ ಮೇಲಾಯಿತು, ಬೇಕಾದಷ್ಟು ಬೈದುಕೋ. ಒಳ್ಳೆಯ ಸುದ್ದಿಯೊಡನೆ ಬರೆಯೋಣ ಎಂದು ಕಾದೆ. ಆ ಸುದ್ದಿ ಬರಲೇ ಇಲ್ಲ. ವಾಟ್ಸಾಪಿನಲ್ಲಿ ಹೇಳಿದರೆ ನೀನು ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಸಮಾಧಾನ ಮಾಡುತ್ತೀ. ನನಗೆ ಸಮಾಧಾನ ಬೇಡ, ಅದಕ್ಕೇ ಈ ಕಾಗದ.

ಭಾನುವಾರ ನಮ್ಮ ಕನ್ನಡ ಬಳಗದ ಸಭೆ ಲಾಸ್ ಆಲ್ಟೋಸಿನಲ್ಲಿ, ಪ್ರಭಾಳ ಮನೆಯಲ್ಲಿ ನಡೆಯಿತು. ಮಲಾವಿಯ ನಿನ್ನ ಶಾಲೆಗೆ ಈ ವರ್ಷ ಏನು ಕೊಡಬೇಕು ಎಂಬುದೇ ವಿಷಯ. ಪ್ರಭಾ ಕಾರ್ಯದರ್ಶಿ, ಗಂಡ ಶೇಷಗಿರಿ ಅಧ್ಯಕ್ಷರು. ಇಬ್ಬರೂ ಮೈಸೂರಿನವರು, ಮಾತು ಬೆಣ್ಣೆ. ಬಿಸಿಬೇಳೆಬಾತು ಮುಗಿದ ಮೇಲೆ ಮೊದಲು ಬಂದ ಮಾತು ಡೇಕೇರಿನದು. ಪ್ರಭಾಳ ಮೊಮ್ಮಗುವಿಗೆ ಎಲ್ಲೂ ಸೀಟು ಸಿಕ್ಕಿಲ್ಲವಂತೆ, ಮಗಳು ಕೆಲಸಕ್ಕೆ ಮರಳಲು ಆಗುತ್ತಿಲ್ಲವಂತೆ. "ಮಗೂನ ನೋಡ್ಕೊಳ್ಳೋರು ಇಲ್ದೆ ಇಷ್ಟು ಓದಿರೋ ಹುಡುಗಿ ಮನೇಲಿ ಕೂತಿದಾಳೆ, ಎಂಥಾ ವೇಸ್ಟು!" ಎಂದು ಎಲ್ಲರೂ ಮರುಗಿದರು. ನಾನೂ ಮರುಗಿದೆ, ಸುಳ್ಳೇಕೆ ಹೇಳಲಿ.

ಆಮೇಲೆ ನಿನ್ನ ಪತ್ರ ಓದಿದೆ. ಒಂಬತ್ತು ವರ್ಷದ ಹುಡುಗಿ ಚಿಕೊಂಡಿ ದಿನವೂ ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ಬಂದು ಕಿಟಕಿಯ ಹೊರಗೆ ನಿಂತು ಪಾಠ ಕೇಳುವುದನ್ನು, ಕೂಸು ಅತ್ತ ಕೂಡಲೇ ಹೊರಟುಹೋಗುವುದನ್ನು ಓದಿ ಹೇಳಿದೆ. ಶಾಲೆಗೆ ಫೀಸಿಲ್ಲ, ನಿಜ. ಆದರೆ ತಾಯಿ ಹೊಲಕ್ಕೆ ಹೋಗದಿದ್ದರೆ ಒಲೆ ಉರಿಯುವುದಿಲ್ಲ. ಸರ್ಕಾರದ ಕೈಯಲ್ಲಿರುವುದು ಹೊರಗಿನ ಸಾಲದ ಬಡ್ಡಿಗೇ ಹೋಗುವಾಗ ಅದು ಕೂಸುಗಳ ಬಗ್ಗೆ ಎಲ್ಲಿ ಯೋಚಿಸುತ್ತದೆ? ನೀನು ಕೇಳಿದ್ದು ಇಷ್ಟೇ: ಶಾಲೆಯ ಪಕ್ಕ ಕೂಸುಗಳಿಗೊಂದು ಕೋಣೆ, ನೋಡಿಕೊಳ್ಳಲು ಒಬ್ಬ ಆಯಾ.

"ಭುವನೇಶ್ವರಿ ಅವ್ರೇ, ನಾವು ಕಲೆಕ್ಟ್ ಮಾಡಿದ್ದು ಎಜುಕೇಷನ್‌ಗೆ ಅಂತ, ಬೇಬಿಸಿಟಿಂಗ್‌ಗೆ ಅಲ್ವಲ್ಲ?" ಎಂದಳು ಪ್ರಭಾ. ಶೇಷಗಿರಿ ಟೀವಿಯ ಮೇಲೆ ಟ್ಯಾಬ್ಲೆಟ್ಟುಗಳ ಚಿತ್ರ ತೋರಿಸಿದರು. ಹಿಂಬದಿಯಲ್ಲಿ ಬಳಗದ ಹೆಸರು ಕೆತ್ತಿಸಬಹುದಂತೆ. "ಆಯಾ ಅಂದ್ರೆ ವರ್ಷಾ ವರ್ಷಾ ಖರ್ಚು, ಫೋಟೋದಲ್ಲೂ ಏನೂ ಕಾಣಲ್ಲ. ಫ್ರೀ ಸ್ಕೂಲಿದ್ದೂ ಹೆಣ್ಮಕ್ಕಳನ್ನ ಕಳಿಸಲ್ಲ ಅಂದ್ರೆ ಪೇರೆಂಟ್ಸ್‌ಗೆ ಅವೇರ್ನೆಸ್ ಇಲ್ಲ, ಅಷ್ಟೆ," ಎಂದರು.

ಅಷ್ಟರಲ್ಲಿ ಒಳಕೋಣೆಯಿಂದ ಮಗುವೊಂದು ಕಿರುಚಿತು. ಹೋಗಿ ಬಾಗಿಲು ತೆರೆದರೆ ನನ್ನ ಮೊಮ್ಮಗಳು ಸಂಯುಕ್ತಾ! ದೊಡ್ಡ ಮಕ್ಕಳ ಜೊತೆ ಭಾನುವಾರದ ಕನ್ನಡ ಕ್ಲಾಸಿಗೆ ಹೋಗಿದ್ದಾಳೆ ಎಂದುಕೊಂಡಿದ್ದೆ. ಪ್ರಭಾಳ ಮೊಮ್ಮಗು ಅವಳ ಸೊಂಟದ ಮೇಲೆ, ಇನ್ನೊಂದು ಕೂಸು ಕಾಲಿಗೆ ಜೋತುಬಿದ್ದಿದೆ, ಮತ್ತೊಂದು ನೆಲದ ಮೇಲೆ ಹೊರಳಾಡುತ್ತಿದೆ. "ಪ್ರಭಾ ಆಂಟಿ ಆಸ್ಕ್‌ಡ್ ಮಿ ಟು ಸ್ಟೇ, ಅಜ್ಜಿ. ಕೇದಾರ ವೆಂಟ್," ಎಂದಳು. ಕೇದಾರ ಅವಳ ಅಣ್ಣ.

ನನಗೆ ಪಿತ್ತ ನೆತ್ತಿಗೇರಿತು. ಕೂಸಿನ ಸಮೇತ ಅವಳನ್ನು ಹಾಲಿಗೆ ಕರೆತಂದು ನಿಲ್ಲಿಸಿದೆ. "ಹುಡಿಗ್ಯಾರು ಸಾಲಿಗೆ ಯಾಕ ಬರೂದಿಲ್ಲ ಅಂತ ಹೇಳಿದ್ರಲ್ರಿ? ಇಲ್ನೋಡ್ರಿ, ಚಿಕೊಂಡಿ ನಿಮ್ಮ ಮನ್ಯಾಗ ನಿಂತಾಳ! ಹೇಳ್ರಿ, ಯಾರಿಗೆ ಅವೇರ್ನೆಸ್ ಇಲ್ಲ?"

ಪ್ರಭಾ ನಕ್ಕಳು. "ಅಯ್ಯೋ, ಒಂದು ದಿನದ ಮಾತಿಗೆ ಇಷ್ಟಾ? ಹೆಣ್ಣುಮಗು, ಚೆನ್ನಾಗಿ ಸುಧಾರಿಸ್ತಾಳೆ ಅಂತ ಹೇಳ್ದೆ." ಎಲ್ಲರೂ ಹಗುರಾಗಿ ನಕ್ಕರು, ಕಾಫಿ ಬಂತು, ಟ್ಯಾಬ್ಲೆಟ್ಟಿಗೆ ಕೈಗಳು ಎದ್ದವು. ಕೋಣನ ಮುಂದೆ ಕಿನ್ನರಿ ನುಡಿಸಿದ್ದರೆ ಅದಾದರೂ ಕಿವಿ ಅಲ್ಲಾಡಿಸುತ್ತಿತ್ತು. ಕೋಣೆಯ ವಿಷಯ ಬರುವ ಯುಗಾದಿಗೆ ನೋಡೋಣ ಎಂದರು. ಅಷ್ಟರಲ್ಲಿ ಆ ತಮ್ಮ ಚಿಕೊಂಡಿಯ ಬೆನ್ನಿನಿಂದ ಇಳಿದಿರುತ್ತಾನೆ, ಇನ್ನೊಂದು ಕೂಸು ಹತ್ತಿರುತ್ತದೆ. ಇವರಿಗೆ ಹೇಗೆ ಹೇಳಲಿ, ಹಂಸಾ?

ಮನೆಗೆ ಬರುವಾಗ ಫ್ರೀವೇಯಲ್ಲಿ ಕಾರುಗಳು ಹೆಜ್ಜೆ ಕಿತ್ತಿಡುತ್ತಿರಲಿಲ್ಲ. ಹಿಂದಿನ ಸೀಟಿನಿಂದ ಸಂಯುಕ್ತಾ ಕೇಳಿದಳು: "ಸೋ ಅಜ್ಜಿ, ಚಿಕೊಂಡಿಗೆ ರೂಮ್ ಸಿಗತ್ತಾ?" ಬಾಗಿಲಾಚೆ ನಿಂತು ಎಲ್ಲ ಕೇಳಿಸಿಕೊಂಡಿದ್ದಾಳೆ. ಏನೆಂದು ಉತ್ತರ ಕೊಡಲಿ?

ಈಗ ಕೊಡುತ್ತಿದ್ದೇನೆ. ಕೋಣೆ ಇಲ್ಲದಿದ್ದರೆ ಬೇಡ. ಶಾಲೆಯ ಮುಂದಿನ ಮರದ ಕೆಳಗೆ ಚಾಪೆ ಹಾಸು, ಊರಿನ ಒಬ್ಬ ಅಜ್ಜಿಯನ್ನು ಕೂರಿಸು, ಬರುವ ಸೋಮವಾರವೇ ಚಿಕೊಂಡಿಯನ್ನು ಒಳಗೆ ಕರೆ. ಆ ಅಜ್ಜಿಯ ಸಂಬಳ ನನ್ನ ಪೆನ್ಶನ್ನಿನ ಪಾಲು. ಒಬ್ಬ ಮುದುಕಿಯ ಪೆನ್ಶನ್ನಿನಿಂದ ಎಷ್ಟು ಊರಿನ ಎಷ್ಟು ಹುಡುಗಿಯರು ಒಳಗೆ ಬಂದಾರು ಎಂದು ಕೇಳಬೇಡ. ಕೇಳಿದರೆ ನನಗೆ ಅಳು ಬರುತ್ತದೆ. ಟ್ಯಾಬ್ಲೆಟ್ಟುಗಳು ಬಂದರೆ ಫೋಟೋ ಮಾತ್ರ ಕಳಿಸಬೇಡ, ಪುಣ್ಯ ಬರುತ್ತದೆ.

ಸೊಳ್ಳೆಪರದೆ ಕಟ್ಟಿಕೊಳ್ಳದೆ ಮಲಗಬೇಡ. ನಿನ್ನ ಕಿಟಕಿಯ ಹೊರಗೆ ನಿಂತಿರುವ ಮಕ್ಕಳೆಲ್ಲ ಒಳಗೆ ಕೂರುವ ದಿನ ನೋಡುವಷ್ಟು ಆಯುಷ್ಯ ನಿನಗಿರಲಿ.

ನಿನ್ನ ಸಿಡುಕಿ,
ಭುವನೇಶ್ವರಿ

ತಾ.ಕ.: ಅಷ್ಟೇಕೆ ಕೂಗಾಡಿದೆ ಎಂದು ನೀನು ಕೇಳಿಯೇ ಕೇಳುತ್ತೀ. ನಮ್ಮ ಹಾಸ್ಟೆಲ್ಲಿಗೆ ಖಡಕ್ ರೊಟ್ಟಿಯ ಗಂಟು ಹೊತ್ತು ತರುತ್ತಿದ್ದ ನನ್ನ ಅಕ್ಕ ಬಂಗಾರೆವ್ವ ನೆನಪಿದ್ದಾಳಲ್ಲ? ನಾನು ಹುಟ್ಟಿದ ವರ್ಷ ಅವಳನ್ನು ಎರಡನೆಯ ಇಯತ್ತೆಯಲ್ಲೇ ಸಾಲೆ ಬಿಡಿಸಿದರು. ಅವ್ವ ಕೂಲಿಗೆ ಹೋದರೆ ನನ್ನನ್ನು ಎತ್ತಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಹೋದ ಬೇಸಿಗೆಯಲ್ಲಿ ಗದಗಿನಿಂದ ಇಲ್ಲಿಗೆ ಬಂದಿದ್ದಳು. ಗ್ರೋಸರಿ ಅಂಗಡಿಯ ಸಾಲಿನಲ್ಲಿ ನಿಂತರೂ ಎಡ ಸೊಂಟ ಹೊರಚಾಚಿ ಒಂದು ಬದಿಗೆ ವಾಲುತ್ತಾಳೆ, ಕೈ ತಾನಾಗಿಯೇ ಸೊಂಟದ ಪಕ್ಕದ ಗಾಳಿಯನ್ನು ಬಳಸಿಕೊಳ್ಳುತ್ತದೆ. "ದೊಡ್ಡಜ್ಜಿ, ಯಾಕೆ ಹೀಗೆ ಕ್ರುಕೆಡ್ ಆಗಿ ನಿಂತ್ಕೋತೀರಾ?" ಎಂದು ಸಂಯುಕ್ತಾ ಕೇಳಿದಳು. ಅಕ್ಕ ನಕ್ಕು ಹೇಳಿದಳು: "ಏನ್ ಮಾಡ್ಲೆವಾ, ನಿಮ್ಮಜ್ಜಿ ಇನ್ನಾ ಕೆಳಗ ಇಳದಿಲ್ಲ."