ಬೀಗವಿದ್ದ ಒಂದೇ ಪೆಟ್ಟಿಗೆ

ಮಾನ್ಯ ವನ್ಯಜೀವಿ ಪರವಾನಗಿ ಅಧಿಕಾರಿಗಳೇ,

ನಿಮ್ಮ ಕಚೇರಿ ನನ್ನ ಗಂಡನ ಹಾವನ್ನು ನನ್ನ ಹಾವಿಗೆ ತಿನ್ನಿಸಿದೆ. ಸರ್ಕಾರದ ವಶದಲ್ಲಿ, ಸರ್ಕಾರದ ಪೆಟ್ಟಿಗೆಯಲ್ಲಿ, ಸರ್ಕಾರದ ಬೀಗದ ಹಿಂದೆ ಈ ಭೋಜನ ನಡೆದಿದೆ. ತಮ್ಮ ಆತಿಥ್ಯಕ್ಕೆ ಮೊದಲು ವಂದನೆಗಳು.

ನನ್ನ ಹಾವು ಬೆರಿಲ್, ಎಂಟಡಿಯ ಕರಿತಲೆ ಹೆಬ್ಬಾವು. ಗಂಡ ಕ್ಲೆಮ್‌ನದು ಡಲ್ಸಿ, ತೋಳುದ್ದದ ಚುಕ್ಕೆ ಹೆಬ್ಬಾವು. ಸಕ್ಕರೆ ಕಾಯಿಲೆಯಿಂದ ಕ್ಲೆಮ್‌ನ ಕಣ್ಣು ಹೋಗಿದೆ. ಅವನು ರೇಡಿಯೋದಲ್ಲಿ ಫುಟ್‌ಬಾಲ್ ಕೇಳುವಾಗ ಡಲ್ಸಿ ಮುಂಗೈಗೆ ಸುತ್ತಿಕೊಂಡಿರುತ್ತಿದ್ದಳು. ತಂಡ ಸೋತರೆ ಬೈಗುಳವನ್ನೆಲ್ಲ ಅವಳೇ ಕೇಳಿಸಿಕೊಳ್ಳಬೇಕಿತ್ತು. ಎರಡು ಹಾವು, ಎರಡು ಪೆಟ್ಟಿಗೆ, ಎರಡು ಕೋಣೆ. ಡಲ್ಸಿಯನ್ನು ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ನಾನು ಬೆರಿಲ್‌ಳ ಪೆಟ್ಟಿಗೆ ತೆರೆದವಳಲ್ಲ. ಏಕೆಂದರೆ ಕರಿತಲೆ ಹೆಬ್ಬಾವಿಗೆ ಬೇರೆ ಹಾವುಗಳೆಂದರೆ ಮೃಷ್ಟಾನ್ನ. ನಮ್ಮೂರು ಕಡೀನಾದಲ್ಲಿ ಹಾವು ಸಾಕುವ ಪ್ರತಿಯೊಬ್ಬರಿಗೂ ಇದು ಗೊತ್ತು. ಗೊತ್ತಿಲ್ಲದೆ ಇರಬೇಕಾದರೆ ನಿಮ್ಮ ಕಚೇರಿಯಲ್ಲಿ ನೌಕರಿಯೇ ಸಿಗಬೇಕು.

ನಿಮ್ಮ ತಪಾಸಣಾಧಿಕಾರಿ ಬಂದು, ಪೆಟ್ಟಿಗೆಗಳಿಗೆ ಚಿಲಕವಿದೆ, ಬೀಗವಿಲ್ಲ ಎಂದರು. ನಿಜ, ಇರಲಿಲ್ಲ. ಬೀಗ ಹಾಕಿಸುವವರೆಗೆ ಹಾವುಗಳು ಕಚೇರಿಯಲ್ಲಿರಲಿ ಎಂದು ಒಂದೊಂದನ್ನು ಒಂದೊಂದು ಚೀಲಕ್ಕೆ ತುಂಬಿಕೊಂಡರು.

"ನೋಡಪ್ಪಾ, ಇವೆರಡನ್ನೂ ಒಂದೇ ಕಡೆ ಮಾತ್ರ ಬಿಡ್ಬೇಡ" ಎಂದೆ.

"ಯಾಕಮ್ಮಾ, ಜಗಳ ಆಡ್ತಾವಾ?"

"ಜಗಳ ಎಲ್ಲಿ ಬಂತು? ದೊಡ್ಡವಳು ಚಿಕ್ಕವಳನ್ನ ನುಂಗಿ ಹಾಕ್ತಾಳೆ."

"ಒಂದೇ ಮನೇಲಿ ಬೆಳ್ದಿರೋವು, ಅಕ್ಕತಂಗೀರ ಥರ ಇರ್ತವೆ ಬಿಡಿ. ನನಗೇ ಹಾವಿನ ಪಾಠ ಹೇಳ್ತೀರಲ್ಲ!"

ಕಚೇರಿಯಲ್ಲಿ ಬೀಗವಿರುವ ಪೆಟ್ಟಿಗೆ ಇದ್ದದ್ದೇ ಒಂದು ಎಂದು ಆಮೇಲೆ ತಿಳಿಯಿತು. ವಶದಲ್ಲಿರುವ ಹಾವು ಬೀಗದೊಳಗೇ ಇರಬೇಕೆಂಬುದು ನಿಮ್ಮ ನಿಯಮ. ಅಕ್ಕತಂಗಿಯರಿಬ್ಬರನ್ನೂ ಅದರೊಳಗೆ ಬಿಟ್ಟು ಬೀಗ ಜಡಿದರು. ಇನ್ನೊಂದು ಬೀಗ ಕೊಳ್ಳಲು ಹಾರ್ಡ್‌ವೇರ್ ಅಂಗಡಿಗೆ ಹೋಗಲಾಗದ ಇಲಾಖೆ, ಬೀಗವಿಲ್ಲವೆಂದು ನಮ್ಮ ಮನೆಗೆ ನುಗ್ಗಬಹುದೇ? ಬೇಲಿ, ಬೀಗ, ಗಾಜಿನ ದಪ್ಪ ಎಲ್ಲವನ್ನೂ ಬರೆದಿಟ್ಟ ಮಹನೀಯರಿಗೆ, ಯಾರನ್ನು ಯಾರ ಜೊತೆ ಮಲಗಿಸಬಾರದು ಎಂಬುದು ಹೊಳೆಯಲೇ ಇಲ್ಲವೇ?

ನಾವು ಬೀಗ ಹಾಕಿಸಿದೆವು. ಅಧಿಕಾರಿ ಬೆರಿಲ್‌ಳನ್ನು ಮಾತ್ರ ತಂದರು.

"ಇನ್ನೊಂದು ಎಲ್ಲೋ ತಪ್ಪಿಸ್ಕೊಂಡಿದೆ ಅನ್ಸುತ್ತಮ್ಮ. ಆದ್ರೆ ಇವಳನ್ನ ನೋಡಿ, ನಮ್ಮಲ್ಲಿ ಹೇಗೆ ಮೈ ತುಂಬ್ಕೊಂಡಿದ್ದಾಳೆ!"

ಬೀಗ ಒಡೆದಿತ್ತೇ ಎಂದು ಕೇಳಿದೆ. ಇಲ್ಲವಂತೆ. ಅವರು ಹೋದ ಮೇಲೆ ಕ್ಲೆಮ್ ಒಳಗಿನಿಂದ ಬಂದು ಬೆರಿಲ್‌ಳ ಮೈಮೇಲೆ ಮೆಲ್ಲಗೆ ಕೈಯಾಡಿಸಿದ. ನಡುವಿಗೆ ಬಂದಾಗ ಕೈ ನಿಂತಿತು.

"ಗ್ಲೆನ್, ಏನು ತಿನ್ಸಿದಾರೆ ಇವಳಿಗೆ? ಇಲಿ ಅಲ್ಲ ಇದು. ಉದ್ದಕ್ಕಿದೆ."

"ಮೊಲ ಇರ್ಬೇಕು."

"ಡಲ್ಸಿ ಯಾವಾಗ ಬರ್ತಾಳೆ?"

"ದೊಡ್ಡ ಸಾಹೇಬ್ರು ಇನ್ನೂ ಸಹಿ ಹಾಕಿಲ್ವಂತೆ."

ಗಂಡನಿಗೆ ಸಣ್ಣಪುಟ್ಟ ಸುಳ್ಳು ಬೇಕಾದಷ್ಟು ಹೇಳಿದ್ದೇನೆ. ಸರ್ಕಾರಿ ಸುಳ್ಳು ಹೇಳಿದ್ದು ಇದೇ ಮೊದಲು. ಅಂದಿನಿಂದ ಅವನು ಆ ಸಹಿಗಾಗಿ ನಿಮ್ಮನ್ನು ಶಪಿಸುತ್ತಾ ಕೂತಿದ್ದಾನೆ. ಈ ಪತ್ರದ ಪ್ರತಿಯನ್ನು ಪತ್ರಿಕೆಗೂ ಕಳಿಸಿದ್ದೇನೆ. ಅಚ್ಚಾದರೂ ಅವನಿಗೆ ತಿಳಿಯುವುದಿಲ್ಲ, ಅವನಿಗೆ ಪತ್ರಿಕೆ ಓದಿ ಹೇಳುವವಳು ನಾನೇ. ನನ್ನ ಬೆರಿಲ್ ಮೇಲೆ ನನಗೆ ಸಿಟ್ಟಿಲ್ಲ. ಹಸಿದ ಹಾವಿಗೆ ಸಂಬಳವೂ ಇಲ್ಲ, ತರಬೇತಿಯೂ ಇಲ್ಲ. ನಿಮ್ಮ ಮೇಲಿದೆ, ಹೊಟ್ಟೆ ಉರಿಯುವಷ್ಟಿದೆ.

ಒಂದೊಂದು ಹಾವಿಗೆ ಒಂದೊಂದು ಪೆಟ್ಟಿಗೆ ಹೊಂದಿಸುವವರೆಗೆ ಯಾರ ಮನೆಯ ಹಾವನ್ನೂ ಮುಟ್ಟಬೇಡಿ. ನಮಗೆ ಪರಿಹಾರ ಬೇಡ, ಬದಲಿ ಹಾವೂ ಬೇಡ. ತಾವೇ ನಮ್ಮ ಮನೆಗೆ ಬರಬೇಕು, ಕ್ಲೆಮ್‌ನ ಪಕ್ಕದಲ್ಲಿ ಕೂತು ನಡೆದದ್ದನ್ನು ತಮ್ಮ ಬಾಯಿಂದಲೇ ಹೇಳಬೇಕು. ಕಚೇರಿಯವರು ಬಂದಿದ್ದಾರೆ ಎಂದ ಕೂಡಲೇ, ಡಲ್ಸಿಯನ್ನು ತಂದಿದ್ದೀರಿ ಎಂದುಕೊಂಡು ಅವನು ಕೈ ಚಾಚುತ್ತಾನೆ. ಆ ಕೈಗೆ ಏನು ಕೊಡುತ್ತೀರಿ ಎಂದು ದಾರಿಯಲ್ಲಿ ಯೋಚಿಸಿಕೊಂಡು ಬನ್ನಿ.

ಇಂತಿ,
ಎರಡು ಹಾವಿಗೆ ಪರವಾನಗಿ ಪಡೆದು, ಎರಡನ್ನೂ ಒಂದೇ ಚರ್ಮದೊಳಗೆ ವಾಪಸು ಪಡೆದವಳು,
ಗ್ಲೆನಿಸ್ ಟ್ರೆಲೋರ್
ಕಡೀನಾ, ದಕ್ಷಿಣ ಆಸ್ಟ್ರೇಲಿಯಾ