ಮಳೆ ಚೀಟಿ ಯಾರಿಗೆ ಸಿಗುತ್ತದೆ

ನ್ಯೂ ಆರ್ಲಿಯನ್ಸ್
೧೧ ಮೇ ೧೯೫೪

ಅಮ್ಮಾ, ನಿನ್ನ ಹಟಮಾರಿ ಮಗಳ ಮುತ್ತುಗಳು.

ನಿನ್ನ ಕಾಗದ ತಲುಪಿತು. ಕ್ರಿಸ್‌ಮಸ್‌ಗೆ ಕರೆದಾಗ ಮಂಡಿನೋವು, ಈಸ್ಟರ್‌ಗೆ ಚರ್ಚಿನ ಹಾಡು, ಈಗ ಕೋಳಿಗಳು. ಪ್ರತಿ ಸಲವೂ ಕೊನೆಗೆ ಅದೇ ಮಾತು, 'ಈ ಸಲ ರೇನ್ ಚೆಕ್ ಕೊಟ್ಟುಬಿಡು ಮಗಳೇ.' ಅಂದರೆ ಈಗ ಆಗುವುದಿಲ್ಲ, ಇನ್ನೊಮ್ಮೆ ನೋಡೋಣ. ನಾನೂ ಎಲ್ಲರೊಡನೆ ಆಡುವ ಮಾತೇ ಇದು. ಆದರೆ ಕಾಗದ ಮಡಿಸುವಾಗ ಒಂದು ಕುತೂಹಲ ಹುಟ್ಟಿತು: ಮಳೆಗೂ ನೀನು ಬಾರದಿರುವುದಕ್ಕೂ ಏನು ಸಂಬಂಧ?

ನನ್ನ ಗಂಡ ಅನತೋಲನ ಚಿಕ್ಕಪ್ಪ ಆಲ್ಸೀದ್ ಬೇಸ್‌ಬಾಲ್ ಮೈದಾನದ ಗೇಟಿನಲ್ಲಿ ಟಿಕೆಟ್ ಹರಿಯುವವರು. ಸೋಮವಾರ ಕೆಂಪು ಬೀನ್ಸ್ ಅನ್ನಕ್ಕೆ ಬಂದಾಗ ಕೇಳಿದೆ. 'ಅಯ್ಯೋ ಹುಡುಗಿ, ದಿನಾ ಬಾಯಲ್ಲಿ ಆಡ್ತೀಯ, ಅದೇನಂತ ಗೊತ್ತಿಲ್ವಾ?' ಅಂತ ನಕ್ಕರು. ಹಿಂದೆ ಆಟದ ನಡುವೆ ಮಳೆ ಸುರಿದರೆ ಜನರನ್ನು ಇನ್ನೊಂದು ದಿನ ಪುಕ್ಕಟೆ ಒಳಗೆ ಬಿಡುತ್ತಿದ್ದರಂತೆ. ಟಿಕೆಟನ್ನು ಗೇಟಿನಲ್ಲೇ ಇಸಿದುಕೊಳ್ಳುತ್ತಿದ್ದುದರಿಂದ, ಬೇಲಿ ಹಾರಿ ಬಂದವರೂ ಏನೂ ಅರಿಯದವರಂತೆ ಆ ಸಾಲಿನಲ್ಲಿ ನಿಂತುಬಿಡುತ್ತಿದ್ದರಂತೆ! ಅದಕ್ಕೇ ಟಿಕೆಟ್ಟಿಗೆ ಹರಿಯುವ ತುಂಡೊಂದನ್ನು ಸೇರಿಸಿದರು. ಒಂದು ತುಂಡು ಗೇಟಿಗೆ, ಇನ್ನೊಂದು ನೋಡುವವರಿಗೆ. ಮಳೆ ಬಂದರೆ ಅದೇ ರೇನ್ ಚೆಕ್, ಮಳೆ ಚೀಟಿ. ಅದನ್ನು ಕಂಡುಹಿಡಿದವರು ನಮ್ಮೂರಿನವರೇ ಎಂದು ಚಿಕ್ಕಪ್ಪನ ವಾದ. ಲೋಕದ ಒಳ್ಳೆಯದೆಲ್ಲ ನ್ಯೂ ಆರ್ಲಿಯನ್ಸಿನದೇ ಎನ್ನುವವರು ಅವರು, ಹಾಗಾಗಿ ಪೂರ್ತಿ ನಂಬಬೇಡ.

ಸುಮ್ಮನೆ ಉಣ್ಣುತ್ತಿದ್ದ ಅನತೋಲ್ ತಲೆಯೆತ್ತಿ, 'ಹಾಗಾದ್ರೆ ನಿಮ್ಮಮ್ಮಂಗೆ ಅದು ಸಿಗಲ್ಲ ಬಿಡು. ಒಳಗೆ ಬಂದು ಕೂತೋರಿಗೆ ಮಾತ್ರ ತಾನೇ?' ಅಂದ. ನನಗೆ ಮೊದಲು ನಗು ಬಂತು, ಆಮೇಲೆ ಅಳು ಬಂತು. ಮದುವೆಯಾಗಿ ಎರಡು ವರ್ಷವಾದರೂ ನೀನು ನಮ್ಮ ಹೊಸ್ತಿಲು ತುಳಿದಿಲ್ಲ. ಅವನು ಟ್ರಾಮ್ ಓಡಿಸುವವನು, ಅದರ ಮೇಲೆ ನಮ್ಮ ಚರ್ಚಿನವನಲ್ಲ, ಕ್ಯಾಥೊಲಿಕ್, ನಿನ್ನ ಸಿಟ್ಟು ನನಗೆ ಗೊತ್ತು. ಇರಲಿ. ಒಮ್ಮೆ ಬಂದು ನಮ್ಮ ಜಗಲಿಯಲ್ಲಿ ಕೂತು ಅವನು ಮಾಡುವ ಕಾಫಿ ಕುಡಿ. ಆಮೇಲೂ ಬೇಸರವಾದರೆ ಎದ್ದು ಹೋಗು, ಆ ಚೀಟಿಯನ್ನು ನಾನೇ ಹರಿದು ಕೊಡುತ್ತೇನೆ.

ದಾರಿ ನೋಡುತ್ತಿರುವ,
ಓಡೆಟ್

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಜೂನ್ ಕೊನೆಗೆ ನನಗೆ ಹೆರಿಗೆ. ನೀನು ಮಗುವಿಗಾಗಿ ಅಲ್ಲ, ನನಗಾಗಿ ಬರಬೇಕು ಎಂಬ ಹಟಕ್ಕೆ ಇಷ್ಟು ದಿನ ಮುಚ್ಚಿಟ್ಟೆ. ಈಗ ಹಟವಿಲ್ಲಮ್ಮ, ಹೆದರಿಕೆಯಿದೆ. ಬಾ.