ಹಸಿರು ಟೋಪಿಯ ತಪ್ಪಲ್ಲ

ವೆಸ್ಟ್ ಎಂಡ್ ಅವೆನ್ಯೂ, ನ್ಯೂಯಾರ್ಕ್
ಗುರುವಾರ, 14 ನವೆಂಬರ್ 1996

ಮುದ್ದಿನ ತಂಗಿ ತಿಲ್ಲಿ,

ಮಂಡಿನೋವು ಹೇಗಿದೆ? ಬಫಲೋದಲ್ಲಿ ಆಗಲೇ ಹಿಮ ಬಿತ್ತಂತೆ, ರೇಡಿಯೋದಲ್ಲಿ ಹೇಳಿದರು. ಮೆಟ್ಟಿಲಿಗೆ ಹಿಮ ಕರಗಿಸುವ ಉಪ್ಪು ಚೆಲ್ಲದೆ ಹೊರಗೆ ಕಾಲಿಡಬೇಡ. ನಿನಗೆ ಎಷ್ಟು ಹೇಳಿದರೂ ಅಷ್ಟೇ, ಆದರೂ ಹೇಳುತ್ತೇನೆ. ನಾನು ಚೆನ್ನಾಗಿದ್ದೇನೆ. ಅಂದರೆ, ಬೆಳಿಗ್ಗೆ ಮನೆ ಬೆಚ್ಚಗಿಡುವ ಉಗಿಯ ಕೊಳವೆ ಟಣಟಣ ಬಡಿದಾಗ ಏಳುತ್ತೇನೆ, ಬ್ರೆಡ್ಡು ಸುಟ್ಟುಕೊಂಡು ತಿನ್ನುತ್ತೇನೆ. ರುಚಿ ಗೊತ್ತಾಗುವುದಿಲ್ಲ. ನಿನ್ನ ಭಾವ ಜೂಲಿಯಸ್ ತೀರಿಹೋಗಿ ಆರು ವಾರವಾಯಿತು, ಇನ್ನೂ ಅಳು ಬಂದಿಲ್ಲ. ನಮ್ಮವರ ಪದ್ಧತಿಯಂತೆ ದುಃಖಕ್ಕೆ ಕೂತ ಆ ಏಳು ದಿನ ನೀನೇ ನೋಡಿದೆಯಲ್ಲ, ಬಂದವರು ಅತ್ತರು, ನಾನು ಅವರಿಗೆ ಕೇಕು ಕೊಟ್ಟೆ.

ನನ್ನ ಕೆಳಗಿನ ಮನೆಯ ಮಿಸೆಸ್ ಪ್ರಾಗರ್ ನೆನಪಿದ್ದಾಳಾ? ಸದ್ದು ಕೆಳಗಿಳಿಯದಂತೆ ನೆಲದ ಐದು ಪಾಲಿನಲ್ಲಿ ನಾಲ್ಕು ಪಾಲಿಗೆ ಜಮಖಾನೆ ಹಾಸಿರಬೇಕು ಎಂಬುದು ನಮ್ಮ ಕಟ್ಟಡದ ನಿಯಮ. ಜೂಲಿಯಸ್ ಬೂಟು ಹಾಕಿಕೊಂಡು ಬೇಕೆಂದೇ ಉಳಿದ ಒಂದು ಪಾಲಿನಲ್ಲಿ ಓಡಾಡುತ್ತಿದ್ದರು. ಆಕೆ ಇಪ್ಪತ್ತು ವರ್ಷ ಕಟ್ಟಡದ ಸಮಿತಿಗೆ ದೂರು ಬರೆದಳು. ಮೊನ್ನೆ ಬಾಗಿಲಿಗೆ ಬಂದು, "ಮಿನ್ನಾ, ಸ್ವಲ್ಪ ಓಡಾಡ್ರೀ. ಮೇಲೆ ಯಾರೂ ಇಲ್ಲವೇನೋ ಅನ್ಸತ್ತೆ, ನಂಗೆ ಕೂತ್ಕೊಳ್ಳೋಕೇ ಆಗ್ತಿಲ್ಲ" ಅಂದಳು. ಅವಳು ಹೋದ ಮೇಲೆ ಜೂಲಿಯಸ್ ಅವರ ಬೂಟು ಹಾಕಿಕೊಂಡು ಕಿಟಕಿಯ ಹತ್ತಿರ ನಾಲ್ಕು ಸಲ ಓಡಾಡಿದೆ. ನನಗೆ ಅವು ದೊಗಲೆ. ಕೆಳಗಿನಿಂದ ಪೊರಕೆಯ ಹಿಡಿಯಲ್ಲಿ ಎರಡು ಸಲ ಕುಟ್ಟಿದಳು. ಬೈದಳೋ, ಥ್ಯಾಂಕ್ಸ್ ಹೇಳಿದಳೋ ತಿಳಿಯಲಿಲ್ಲ.

ಲಿಫ್ಟ್ ನಡೆಸುವ ಬೆಸ್ನಿಕ್ ಮಾತ್ರ ನನ್ನನ್ನು ಕಂಡಾಗಲೆಲ್ಲ, "ನಗೋ ತಂಗಿ ಯಾವಾಗ ಬರ್ತಾರಮ್ಮಾ?" ಅಂತ ಕೇಳುತ್ತಾನೆ. ನಾನೂ ಅದನ್ನೇ ಕೇಳುತ್ತಿದ್ದೇನೆ. ಬಂದು ನನ್ನ ಜೊತೆಗಿರು. ನಾವು ಮನೆ ಕೊಳ್ಳುವವರಲ್ಲ, ಕಟ್ಟಡದ ಪಾಲು ಕೊಳ್ಳುವವರು; ಪಾಲಿಗೆ ನಿನ್ನ ಹೆಸರು ಸೇರಿಸಬೇಕಾದರೆ ಸಮಿತಿಯ ಮುಂದೆ ಒಂದು ಸಲ ಕೂರಬೇಕು. ಡಿಸೆಂಬರ್ ಮೊದಲ ಸೋಮವಾರ ಸಭೆ ಇದೆ. ನೀನು ಬರೆದದ್ದನ್ನು ಮೂರು ಸಲ ಓದಿದೆ: "ಆ ಕಟ್ಟಡ ಒಂದ್ಸಲ ನನ್ನ ಬೇಡ ಅಂದಿದೆ ಅಕ್ಕಾ. ಇನ್ನೊಂದ್ಸಲ ಆ ಸಮಿತಿ ಮುಂದೆ ಹೋಗಿ ನಿಲ್ಲೋಕೆ ನನ್ನ ಕೈಲಾಗಲ್ಲ." ಒಂಬತ್ತನೇ ಮಹಡಿಯ ಮನೆಗೆ ನೀನು ಅರ್ಜಿ ಹಾಕಿ ಹನ್ನೊಂದು ವರ್ಷವಾಯಿತು. ಸಮಿತಿ ಬೇಡ ಎಂದರೆ ಕಾರಣ ಹೇಳುವ ಪದ್ಧತಿಯಿಲ್ಲ, ನೀನು ಕಾರಣ ಹುಡುಕುವುದನ್ನು ಬಿಟ್ಟಿಲ್ಲ. ವಿಚ್ಛೇದನವಾಗಿತ್ತು ಅಂತಲೋ, ಜೋರಾಗಿ ನಕ್ಕೆ ಅಂತಲೋ, ಆ ಹಸಿರು ಟೋಪಿ ಹಾಕಿಕೊಂಡು ಹೋಗಬಾರದಿತ್ತು ಅಂತಲೋ. ನಾನೂ ಪ್ರತಿ ಸಲ "ಹೂಂ, ಇರಬಹುದು" ಅಂದೆ.

ಔಷಧಿ ತಪ್ಪಿಸಬೇಡ. ದೇವರು ನಿನ್ನನ್ನು ಬೆಚ್ಚಗಿಡಲಿ.

ನಿನ್ನ ಅಕ್ಕ,
ಮಿನ್ನಾ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ. ನಿನ್ನ ಅರ್ಜಿ ಬಂದಾಗ ನಾನೂ ಸಮಿತಿಯಲ್ಲಿದ್ದೆ. ಸಂಬಂಧಿಕರ ಅರ್ಜಿ ಬಂದರೆ ಎದ್ದು ಹೊರಗೆ ಹೋಗಬೇಕು. ನಾನು ಏಳುವಾಗ ಅಧ್ಯಕ್ಷರು, "ನಮಗೆಲ್ಲ ಅವರು ಹಿಡಿಸಿದ್ರು. ತಂಗಿ ಇಲ್ಲೇ ಬಂದ್ರೆ ನಿಮಗೆ ಖುಷಿ ತಾನೆ?" ಅಂತ ಕೇಳಿದರು. ಚಿಕ್ಕಂದಿನಿಂದ ನೀನು ಒಳಗೆ ಬಂದರೆ ಎಲ್ಲರೂ ನಿನ್ನ ಕಡೆಗೇ ತಿರುಗುತ್ತಿದ್ದರು ತಿಲ್ಲಿ. ಇದೊಂದು ಕಟ್ಟಡವಾದರೂ ನನ್ನದಾಗಿರಲಿ ಅನ್ನಿಸಿತು. ಬಾಯಿ ಬಿಡಲಿಲ್ಲ. ಕೋಟು ತೆಗೆದುಕೊಂಡು ಹೊರಗೆ ಹೋದೆ. ನಿನ್ನನ್ನು ಬೇಡ ಎನ್ನಲು ಅವರಿಗೆ ಅಷ್ಟೇ ಸಾಕಾಯಿತು. ಜೂಲಿಯಸ್‌ಗೂ ಹೇಳಿರಲಿಲ್ಲ. ಇದನ್ನು ಓದಿದ ಮೇಲೂ ಬರುವ ಮನಸ್ಸಾದರೆ, ಟೋಪಿ ಬಿಸಾಡಿರದಿದ್ದರೆ, ಅದನ್ನೇ ಹಾಕಿಕೊಂಡು ಬಾ.